ಅನಿವಾರ್ಯ ಕಾರಣಗಳಿಂದ

ಮೂರನೆಯ ಸಾಲಿಗೆ ಬಂದಾಗ ಸರ್ವಮಂಗಳೆಯ ಪೆನ್ನು ನಿಂತಿತು. ಯಾರಿಗೆ, ಯಾರಿಂದ, ಯಾವ ತಾರೀಖಿನ ಯಾವ ವಿಮಾನ, ಎರಡು ಟಿಕೆಟ್ಟುಗಳ ನಂಬರು, ಇವೆಲ್ಲ ಇಂಗ್ಲಿಷಿನಲ್ಲಿ ಸಲೀಸಾಗಿ ಬಂದಿದ್ದವು. ಇನ್ನು ಉಳಿದದ್ದು ಟಿಕೆಟ್ಟು ಯಾಕೆ ರದ್ದಾಗಬೇಕು, ಕೊಟ್ಟ ಹಣ ಯಾಕೆ ವಾಪಸು ಬರಬೇಕು ಎನ್ನುವುದು. ಎದುರಿಗೆ ಕಂಬಕ್ಕೆ ಒರಗಿ ಮೈದುನ ಹಾಲಸ್ವಾಮಿ ಕೂತಿದ್ದ. ದೆಹಲಿಗೆಂದು ಹೊಲಿಸಿದ್ದ ಷರಟನ್ನೇ ಹಾಕಿಕೊಂಡಿದ್ದ. ಹೊನ್ನವಳ್ಳಿಯಿಂದ ಮಧ್ಯಾಹ್ನ ಒಂದು ಗಂಟೆಯ ಬಸ್ಸು ಹಿಡಿದು ತಿಪಟೂರು, ಅಲ್ಲಿಂದ ರೈಲಿನಲ್ಲಿ ಬೆಂಗಳೂರು. ನಾಳೆ ಬೆಳಿಗ್ಗೆ ಟಿಕೆಟ್ ಆಫೀಸು ತೆರೆಯುವ ಹೊತ್ತಿಗೆ ಅವನು ಬಾಗಿಲಲ್ಲಿರಬೇಕು. ವಿಮಾನ ಹೊರಡುವುದು ನಾಳಿದ್ದು. ನಾಳೆ ಮಧ್ಯಾಹ್ನ ದಾಟಿದರೆ ಏನೂ ಗಿಟ್ಟುವುದಿಲ್ಲವೆಂದು ಟ್ರಂಕಾಲಿನಲ್ಲಿ ಹೇಳಿದ್ದರಂತೆ. ಕಾರಣವನ್ನು ಬರಹದಲ್ಲೇ ಕೊಡಬೇಕಂತೆ.

"ಅತ್ತಿಗೆ, ಜ್ವರ ಅಂತ ಬರೆದ್ಬುಡಿ. ಕಾಯಿಲೆ ಆದ್ರೆ ಪೂರ್ತಿ ವಾಪಸ್ ಕೊಡ್ತಾರಂತೆ. ಡಾಕ್ಟ್ರ ಹತ್ರ ಒಂದು ಚೀಟಿ ಬರೆಸ್ಕೊಂಡ್ರಾಯ್ತು."

"ಯಾರಿಗೆ ಜ್ವರ?"

"ಗಿರಿಜಂಗೆ."

ಅಡುಗೆಮನೆಯೊಳಗಿಂದ ಅವನ ಹೆಂಡತಿ ಗಿರಿಜಾಂಬಿಕೆಯ ದನಿ ಬಂತು. "ಬ್ಯಾಡ ಕಣ್ರೀ. ಇಲ್ಲದ ಜ್ವರಾನ ಕೂಗಿ ಕರೆದಂಗಾಯ್ತದೆ. ಬೇಕಾದ್ರೆ ನಿಮಗೇ ಬಂದದೆ ಅಂತ ಬರೆಸ್ಕಳಿ."

"ನಂಗೆ ಜ್ವರ ಬಂದಿದ್ರೆ ನಾಳೆ ಅವರ ಮುಂದೆ ಹೋಗಿ ನಿಂತ್ಕೊಳ್ಳೋನು ಯಾರೇ? ನಿಮ್ಮಪ್ಪನಾ?"

ನಡುಮನೆಯಲ್ಲಿ ವಿಭೂತಿಗಟ್ಟಿ ಒರೆಸುತ್ತಿದ್ದ ಅತ್ತೆ ದ್ರಾಕ್ಷಾಯಣಮ್ಮ ತಲೆಯೆತ್ತದೆ ಹೇಳಿದರು. "ಇದ್ದದ್ದು ಇದ್ದಂಗೆ ಬರಿ ಸರ್ವಮಂಗಳ. ತೋಟದ ಅಮ್ಮ ಎಡಕ್ಕೆ ಹೂ ಕೊಟ್ಟವಳೆ, ನಾವು ಕಳಿಸಕ್ಕಾಗಲ್ಲ ಅಂತ. ಅವರ ಮನೇಲೂ ಒಂದು ದೇವರು ದಿಂಡರು ಅಂತ ಇರಲ್ವಾ?"

"ಕಂಪ್ನಿಗೆ ಎಲ್ಲಿಯ ದೇವರವ್ವಾ," ಎಂದು ಹಾಲಸ್ವಾಮಿ ನಕ್ಕ. ಆ ನಗೆ ಅರ್ಧಕ್ಕೇ ಮುಗಿಯಿತು. ಮೂರು ದಿನದಿಂದ ಅವನ ನಗೆಗಳೆಲ್ಲ ಹಾಗೆಯೇ ಮುಗಿಯುತ್ತಿದ್ದವು.

ಮೇಜಿನ ಮೇಲೆ ಟಿಕೆಟ್ಟುಗಳಿದ್ದವು. ಟಿಕೆಟ್ಟೆಂದರೆ ಒಂದು ಚೀಟಿಯಲ್ಲ, ಸಣ್ಣ ಪುಸ್ತಕ. ಹಾಳೆಯ ಹಿಂಬದಿಗೆಲ್ಲ ಕೆಂಪು ಕಾರ್ಬನ್ ಬಳಿದಿತ್ತು, ಮುಟ್ಟಿದರೆ ಬೆರಳಿಗೆ ಹತ್ತುತ್ತಿತ್ತು. ಗಿರಿಜಾಂಬಿಕೆಯ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಟಿಕೆಟ್ಟು ಮನೆಗೆ ಬಂದ ದಿನ ಆ ತಪ್ಪು ಕಣ್ಣಿಗೆ ಬಿದ್ದದ್ದು ತನಗೊಬ್ಬಳಿಗೇ ಎಂಬುದು ಸರ್ವಮಂಗಳೆಗೆ ನೆನಪಾಯಿತು. ಅವಳು ಯಾರಿಗೂ ಹೇಳಿರಲಿಲ್ಲ. ಬೆಂಗಳೂರಿನ ಬಾಗಿಲಲ್ಲಿ ಯಾರಾದರೂ ತಡೆದು, ಇದು ನೀನಲ್ಲ, ಈ ಹೆಸರು ಬೇರೆ ಎನ್ನಬಹುದು ಎಂದು ಒಂದು ಇಡೀ ಸಂಜೆ ಕಲ್ಪಿಸಿಕೊಂಡಿದ್ದಳು. ಆ ಸಂಜೆ ಅವಳಿಗೆ ಹಸಿವು ಚೆನ್ನಾಗಿತ್ತು. ಈಗ ಅದೇ ಹೆಸರನ್ನು ಅರ್ಜಿಯಲ್ಲಿ ಸರಿಯಾಗಿ, ಎಲ್ಲ ಅಕ್ಷರಗಳನ್ನೂ ಹಾಕಿ ಬರೆದಿದ್ದಳು. ರದ್ದು ಮಾಡುವಾಗ ತಪ್ಪು ಇರಬಾರದು. ಬಿ.ಎಸ್ಸಿ.ಯಲ್ಲಿ ಮೇಷ್ಟ್ರು ಹೇಳುತ್ತಿದ್ದದ್ದು ಅದೇ: ಪ್ರಯೋಗ ಕೆಟ್ಟರೂ ಪರವಾಗಿಲ್ಲ, ದಾಖಲೆ ಕೆಡಬಾರದು.

ಗಿರಿಜ ಅಡುಗೆಮನೆಯ ಬಾಗಿಲಲ್ಲಿ ದೆಹಲಿಗೆಂದು ಕಟ್ಟಿದ್ದ ರಟ್ಟಿನ ಪೆಟ್ಟಿಗೆ ಬಿಚ್ಚುತ್ತಿದ್ದಳು. ಒಂದೊಂದೇ ಕೊಬ್ಬರಿಯನ್ನು ಹತ್ತಿಯಿಂದ ಬಿಡಿಸಿ ಮೊರದಲ್ಲಿಡುತ್ತಿದ್ದಳು. ವರ್ಷವಿಡೀ ಅಟ್ಟದ ಮೇಲೆ ಒಣಗಿ, ಒಳಗೇ ಗುಂಡಾಗಿ ಕಳಚಿಕೊಂಡ ಕೊಬ್ಬರಿ. ಅದರ ಕಂದು ಸಿಪ್ಪೆ ಹೆರೆದು, ಎರಡು ಬಟ್ಟಲು ಮಾಡಿ, ಸಣ್ಣ ಚೂರಿಯಲ್ಲಿ ಕೊರೆಯುತ್ತ ಹೋದರೆ ಗಿರಿಜೆಯ ಕೈಯಲ್ಲಿ ಅದು ಕಮಲವಾಗುತ್ತಿತ್ತು, ನವಿಲಾಗುತ್ತಿತ್ತು. ಮದುವೆ ಸೀಮಂತಗಳ ತಟ್ಟೆಗೆ ಎಲ್ಲರ ಮನೆಯಲ್ಲೂ ಮಾಡುವುದೇ. ಆದರೆ ಇವಳ ನವಿಲಿನ ಹಿಂದೆ ದೀಪ ಇಟ್ಟರೆ ಗರಿಗರಿಯಲ್ಲೂ ಬೆಳಕು ತೂರುತ್ತಿತ್ತು. ಮಾಘದಲ್ಲಿ ತಿಪಟೂರಿನ ಒಂದು ಮದುವೆಯಲ್ಲಿ ಅದನ್ನು ನೋಡಿದ ದೆಹಲಿಯ ಅಧಿಕಾರಿಣಿಯೊಬ್ಬಳು ಮನೆ ಹುಡುಕಿಕೊಂಡು ಬಂದಳು. ಅವಳಿಗೆ ಕನ್ನಡ ಬಾರದು, ಗಿರಿಜೆಗೆ ಇಂಗ್ಲಿಷ್ ಬಾರದು. ನಡುವೆ ಸರ್ವಮಂಗಳೆ ಕೂತಳು. ಆಕೆ ನವಿಲನ್ನು ಕಿಟಕಿಗೆ ಹಿಡಿದು, ನಾನು ದೇಶವೆಲ್ಲ ತಿರುಗಿದ್ದೇನೆ, ಇಂಥ ಕೈಯನ್ನು ಇನ್ನೆಲ್ಲೂ ಕಂಡಿಲ್ಲ ಎಂದಳು. ಸರ್ವಮಂಗಳೆ ಗಿರಿಜೆಯ ಕಡೆ ತಿರುಗಿ, "ಚೆನ್ನಾಗಿದೆ ಅಂತಾರೆ," ಎಂದಳು.

ಕಮಲದ ಗೆರೆ ಹಾಕಿಕೊಟ್ಟದ್ದು ತಾನು. ಕೈವಾರದಲ್ಲಿ ವೃತ್ತ ಎಳೆದು, ಅದರ ತ್ರಿಜ್ಯವನ್ನೇ ಪರಿಧಿಯ ಮೇಲೆ ಆರು ಸಲ ಇಟ್ಟರೆ ಆರು ದಳ ತಾನಾಗಿ ಬರುತ್ತದೆ ಎಂದು ತೋರಿಸಿದ್ದು ತಾನು. ಗಿರಿಜ ಅದನ್ನೂ ಹೇಳಿದಳು: "ಗೀಟು ಹಾಕೋದು ನಮ್ಮ ಅಕ್ಕನೇ." ತನ್ನ ಹೊಗಳಿಕೆಯನ್ನು ತಾನೇ ಇಂಗ್ಲಿಷಿಗೆ ಹೇಳುವುದು ಹೇಗೆ? ಸರ್ವಮಂಗಳೆ ಆ ವಾಕ್ಯವನ್ನು ಹೇಳಲೇ ಇಲ್ಲ. ಕೊನೆಗೆ ಆಕೆ, ದೆಹಲಿಯ ಪ್ರದರ್ಶನಕ್ಕೆ ಇವಳು ಬರಲಿ, ಜೊತೆಗೊಬ್ಬರಿರಲಿ, ನೀವೇ ಬರುತ್ತೀರಾ ಎಂದು ಕೇಳಿದಳು. ಸರ್ವಮಂಗಳೆ ಆ ಪ್ರಶ್ನೆಯನ್ನು ಮಾತ್ರ ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದಳು. ಗಿರಿಜ ಸೆರಗಿನ ತುದಿ ನೋಡಿಕೊಂಡು, "ನಮ್ಮೋರು ಬತ್ತಾರೆ," ಎಂದಳು. ಹಾಲಸ್ವಾಮಿ, "ಅತ್ತಿಗೆ, ನೀವೂ ಹೊರಟ್ರೆ ಮನೆ ನೋಡ್ಕೊಳ್ಳೋರು ಯಾರು?" ಎಂದು ನಕ್ಕ. ಆಗ ಅವನ ನಗೆಗಳು ಪೂರ್ತಿ ಇರುತ್ತಿದ್ದವು. ಪ್ರದರ್ಶನದವರು ರೈಲಿನ ಖರ್ಚು ಕೊಡುತ್ತೇವೆಂದರೆ, ಮೂರು ದಿನ ಕುಲುಕಿದರೆ ನವಿಲು ಉಳಿಯುವುದಿಲ್ಲವೆಂದು ಇವನು ಕೈಯಿಂದ ಹಾಕಿ ವಿಮಾನದ ಟಿಕೆಟ್ಟು ತಂದ. ಊರೆಲ್ಲ ಬಂದು ಟಿಕೆಟ್ಟು ನೋಡಿತು. ಮೇಲಿಂದ ತೋಟ ಹೇಗೆ ಕಾಣುತ್ತದಂತೆ ಎಂದು ಯಾರೋ ಕೇಳಿದರು; ಗಿರಿಜ, "ಹೋಗಿ ಬಂದ್ಮೇಲೆ ಹೇಳ್ತೀನಿ," ಎಂದಳು. ಮೋಡದ ನೀರು ಯಾಕೆ ಕೆಳಗೆ ಬೀಳದೆ ನಿಲ್ಲುತ್ತದೆ ಎಂಬುದು ಇವಳಿಗೆ ಗೊತ್ತಿಲ್ಲ, ಇವಳು ಅದನ್ನು ಮೇಲಿಂದ ನೋಡುತ್ತಾಳೆ ಎಂದು ಸರ್ವಮಂಗಳೆಗೆ ಅನಿಸಿತ್ತು. ಅನಿಸಿದ್ದು ಎದೆಯಲ್ಲಲ್ಲ, ಹಲ್ಲಿನ ಬೇರಿನಲ್ಲಿ.

"ಸರಿಯಾದ ಪದ ಸಿಕ್ತಿಲ್ಲ," ಎಂದು ಅವಳು ಪೆನ್ನು ಮುಚ್ಚಿದಳು. "ತೋಟದ ಗುಡಿಗೆ ಹೋಗಿ ದೀಪ ಹಚ್ಚಿ ಬರ್ತೀನಿ. ಹನ್ನೊಂದೂವರೆ ಈಗ. ಬಸ್ಸಿಗೆ ಹೊತ್ತಿದೆ."

"ಬೇಗ ಬಂದ್ಬುಡಿ ಅತ್ತಿಗೆ," ಎಂದ ಹಾಲಸ್ವಾಮಿ.

ಆಷಾಢದ ಗಾಳಿ ಪಡುವಣದಿಂದ ಒಂದೇ ಸಮ ಬೀಸುತ್ತಿತ್ತು. ತೆಂಗಿನ ಗರಿಗಳೆಲ್ಲ ಒಂದೇ ದಿಕ್ಕಿಗೆ ಬಾಚಿದಂತಿದ್ದವು. ದಾರಿಯಲ್ಲಿ ಎರಡು ಕಣಗಿಲೆ ಹೂ ಕಿತ್ತುಕೊಂಡಳು. ಒಂದೇ ಗಾತ್ರದವು, ಒಂದೇ ಗೊಂಚಲಿನವು. ಕಳೆದ ಶುಕ್ರವಾರವೂ ಪೂಜಾರಿ ಕೆಂಪಯ್ಯ ಇಂಥವೇ ಎರಡನ್ನು ಕಿತ್ತಿದ್ದ. ಈ ಮನೆಯಲ್ಲಿ ಹೆಣ್ಣುಮಕ್ಕಳು ದೂರ ಹೋಗುವ ಮೊದಲು ತೋಟದ ಕರಿಯಮ್ಮನನ್ನು ಕೇಳಬೇಕು. ನೀರಿನಲ್ಲಿ ಅದ್ದಿದ ಹೂವನ್ನು ಅಮ್ಮನ ಎರಡು ಭುಜಕ್ಕೂ ಅಂಟಿಸಿ ಕೂರುವುದು. ಅಮ್ಮನ ಬಲಗಡೆಯದು ಮೊದಲು ಬಿದ್ದರೆ ಹೋಗಬಹುದು, ಎಡಗಡೆಯದು ಬಿದ್ದರೆ ಇಲ್ಲ. ಶುಕ್ರವಾರ ಗಿರಿಜ ಅಮ್ಮನೆದುರು ಕಣ್ಣುಮುಚ್ಚಿ ಕೂತಿದ್ದಳು, ಹಿಂದೆ ಅತ್ತೆ, ಹಾಲಸ್ವಾಮಿ. ಸರ್ವಮಂಗಳೆ ಪಡುವಣದ ಗೋಡೆಗೆ ಒರಗಿ ನಿಂತಿದ್ದಳು. ಆ ಗೋಡೆಯಲ್ಲಿ ಒಂದು ಕಿಂಡಿಯಿದೆ. ದೀಪ ಆರದಿರಲೆಂದು ಕೆಂಪಯ್ಯ ಅದಕ್ಕೆ ಗೋಣಿಯ ತುಂಡು ತುರುಕಿದ್ದ. ಸಾಂಬ್ರಾಣಿಯ ಹೊಗೆ ಕವಿದು ಗಿರಿಜೆಗೆ ಕೆಮ್ಮು ಬಂತು. ಸರ್ವಮಂಗಳೆ ಕೈ ಹಿಂದೆ ಚಾಚಿ ಗೋಣಿಯನ್ನು ಎಳೆದಳು. ಇಷ್ಟೇ. ಅಮ್ಮ ಬಡಗಣಕ್ಕೆ ಮುಖ ಮಾಡಿದ್ದಾಳೆ. ಅವಳ ಎಡಭುಜ ಪಡುವಣಕ್ಕೆ. ಗಾಳಿ ನೇರ ಆ ಭುಜಕ್ಕೆ ಬೀಸಿತು. ಕಲ್ಲಿಗೂ ಹೂವಿಗೂ ನಡುವಿನ ನೀರಿನ ತೆಳುಪದರ ಆರಿತು. ಏಳು ನಿಮಿಷಕ್ಕೆ ಎಡಗಡೆಯ ಹೂ ಕಳಚಿತು. ಹಾಲಸ್ವಾಮಿ, "ಅಯ್ಯೋ," ಎಂದ. ಗಿರಿಜ ಕಣ್ಣು ತೆರೆದು ಬಿದ್ದ ಹೂವನ್ನೇ ನೋಡಿದಳು. ಅವಳು ಅಳಲಿಲ್ಲ. ಅತ್ತಿದ್ದರೆ ಸರ್ವಮಂಗಳೆಗೆ ಅನುಕೂಲವಾಗುತ್ತಿತ್ತು.

ಹೊಗೆಗಾಗಿ ತೆಗೆದೆ. ಮೂರು ದಿನವೂ ತನಗೆ ತಾನೇ ಹೇಳಿಕೊಂಡದ್ದು ಇದು. ಆದರೆ ಗೋಣಿಗೆ ಕೈ ಹಾಕುವ ಮುಂಚೆ ಅವಳು ಗಡಿಯಾರ ನೋಡಿದ್ದಳು. ಹೊಗೆಗಾಗಿ ಕಿಂಡಿ ತೆಗೆಯುವವರು ಗಡಿಯಾರ ನೋಡುತ್ತಾರೆಯೇ? ಇನ್ನೊಂದು ಸಮಾಧಾನವೂ ಇತ್ತು, ಅದು ಇದಕ್ಕಿಂತ ಗಟ್ಟಿ. ಹನ್ನೆರಡು ವರ್ಷದ ಹಿಂದೆ, ಇಂಥದೇ ಆಷಾಢದಲ್ಲಿ, ಮೈಸೂರಿನಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕ ಕಾಗದ ಹಿಡಿದು ಅವಳೂ ಇದೇ ಕಲ್ಲಿನೆದುರು ಕೂತಿದ್ದಳು. ಗಂಡ ಕಾಡಸಿದ್ದಪ್ಪ, ಹೋಗಲಿ ಬಿಡಿ ಎಂದಿದ್ದ. ಮಾವನವರು ಹೂ ಕೇಳಿಸಿದರು. ಎಡಕ್ಕೆ ಬಿತ್ತು. ಆಗ ಕಿಂಡಿ ತೆರೆದಿತ್ತು, ಗಾಳಿ ಬೀಸುತ್ತಿತ್ತು, ಪಡುವಣದ ಬೆಳಕು ಆ ಹೂವಿನ ಮೇಲೆ ಬಿದ್ದಿತ್ತು. ಎಷ್ಟು ಸ್ಪಷ್ಟವಾಗಿ ನೆನಪಿದೆ! ವರ್ಷಗಳ ನಂತರ ಒಂದು ದಿನ ಒಗೆದ ಬಟ್ಟೆ ಹರವುತ್ತಿದ್ದಾಗ, ಗಾಳಿಯ ಮಗ್ಗುಲಿನ ಬಟ್ಟೆ ಮೊದಲು ಆರುವುದನ್ನು ನೋಡಿ ಅವಳಿಗೆ ಎಲ್ಲ ಹೊಳೆದಿತ್ತು. ತನ್ನನ್ನು ನಿಲ್ಲಿಸಿದ್ದು ಅಮ್ಮನಲ್ಲ, ಗಾಳಿ. ಹಾಗಿದ್ದ ಮೇಲೆ ಗಿರಿಜೆಗೆ ಮಾತ್ರ ಯಾಕೆ ಗೋಣಿ? ತನಗೆ ಬೀಸಿದ ಗಾಳಿ ಅವಳಿಗೂ ಬೀಸಲಿ. ತಾನು ಮಾಡಿದ್ದು ಮೋಸವಲ್ಲ, ಎರಡು ಪ್ರಯೋಗಗಳಿಗೂ ಒಂದೇ ಪರಿಸ್ಥಿತಿ ಒದಗಿಸಿದ್ದು.

ಗುಡಿಯೊಳಗೆ ಯಾರೂ ಇರಲಿಲ್ಲ. ಗೋಣಿ ಗೋಡೆಯ ಬುಡದಲ್ಲೇ ಬಿದ್ದಿತ್ತು. ಅದನ್ನು ಕಿಂಡಿಗೆ ತುರುಕಿ, ತಂಬಿಗೆಯ ನೀರಿನಲ್ಲಿ ಹೂಗಳನ್ನು ಅದ್ದಿ, ಒಂದೇ ಎತ್ತರಕ್ಕೆ ಅಂಟಿಸಿ, ಗಡಿಯಾರ ನೋಡಿ ಕೂತಳು. ಏಳು ನಿಮಿಷ ಆಯಿತು. ಹತ್ತು ಆಯಿತು. ಬೀಳುವುದಾದರೆ ಎಡದ್ದೇ ಬೀಳಲಿ ಎಂದು ಅವಳು ಬೇಡುತ್ತಿದ್ದಳು. ಗೋಣಿಯಿದ್ದೂ ಎಡಕ್ಕೆ ಬಿದ್ದರೆ ಶುಕ್ರವಾರ ತಾನು ಏನೂ ಮಾಡಲಿಲ್ಲವೆಂದಾಗುತ್ತದೆ. ತಾನು ಬೇಡುತ್ತಿದ್ದೇನೆಂದು ಗೊತ್ತಾಗಿ ನಾಚಿಕೆಯಾಯಿತು. ಹದಿನಾಲ್ಕನೆಯ ನಿಮಿಷದಲ್ಲಿ ಬಲಗಡೆಯ ಹೂ ಸ್ವಲ್ಪ ಜಾರಿತು, ನಿಂತಿತು, ಬಿತ್ತು. ಅವಳಿಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಗಿರಿಜೆಗೆಂದರೆ ಎಷ್ಟು ಸುಲಭವಾಗಿ ಬೀಳುತ್ತದೆ!

"ಏನಮ್ಮಾರೆ, ಒಬ್ಬರೇ ಪ್ರಸಾದ ಕೇಳ್ತಿದ್ದೀರಿ?"

ಬಾಗಿಲಲ್ಲಿ ಕೆಂಪಯ್ಯ ಎಣ್ಣೆಯ ಬುಡ್ಡಿ ಹಿಡಿದು ನಿಂತಿದ್ದ. ಒಳಗೆ ಬಂದು ಬಿದ್ದ ಹೂವನ್ನು ನೋಡಿದ, ಕಿಂಡಿಯನ್ನು ನೋಡಿದ. "ಬಲಕ್ಕೆ ಕೊಟ್ಟವಳೆ. ಯಾರ ಹೆಸರಲ್ಲಿ ಕೇಳಿದ್ರಿ?"

"ಯಾರ ಹೆಸರಲ್ಲೂ ಇಲ್ಲ."

"ಹೆಸರು ಹೇಳದೆ ಕೇಳಿದ್ರೆ ಅದು ಯಾರಿಗೂ ಸೇರಲ್ಲ ಬುಡಿ. ಸುಮ್ನೆ ಹೂ ಬಿತ್ತು ಅಷ್ಟೇಯ."

ಅವಳು ಏಳಲಿಲ್ಲ. "ಕೆಂಪಯ್ಯ, ನಾನು ಮೈಸೂರಿಗೆ ಓದೋಕೆ ಹೋಗೋ ವಿಷಯ ಕೇಳಿದ್ವಲ್ಲ, ಆ ದಿನ ಈ ಗೋಣಿ ಮುಚ್ಚಿರಲಿಲ್ಲ ಅಲ್ವಾ?"

"ಗೋಣಿ ಮಾತು ಎಲ್ಲಿ ಬತ್ತದೆ ಅಮ್ಮಾರೆ? ಆಗ ಕಿಂಡಿನೇ ಇರಲಿಲ್ಲವಲ್ಲ." ಅವನು ದೀಪಕ್ಕೆ ಎಣ್ಣೆ ಬಿಡುತ್ತ ಹೇಳಿದ. "ನಿಮ್ಮ ಮಾವನೋರು ತೀರ್ಕೊಂಡ ಮಾರನೇ ವರ್ಷ, ಹೊಗೆ ಹೋಗಲಿ ಅಂತ ಹಾಲಸ್ವಾಮಪ್ಪಾರು ಕಲ್ಲು ಕೀಳಿಸಿದ್ದು. ಅದಕ್ಕೆ ಮುಂಚೆ ಈ ಗುಡಿ ಗವ್ವನ್ನೋದು. ನಿಮ್ಮ ಹೂ ಬಿದ್ದಿದ್ದು ಯಾರಿಗೂ ಕಾಣಲಿಲ್ಲ. ನಾನು ದೀಪ ಹತ್ರ ಹಿಡ್ಕೊಂಡು ಹೇಳ್ದೆ, ಜ್ಞಾಪಕ ಇಲ್ವಾ?"

ಜ್ಞಾಪಕ ಇರಲಿಲ್ಲ. ಪಡುವಣದ ಬೆಳಕು ಜ್ಞಾಪಕವಿತ್ತು, ಹೂವಿನ ಮೇಲೆ ಬಿದ್ದ ಬೆಳಕು. ಆ ಬೆಳಕು ಎಲ್ಲಿಂದ ಬಂದಿತ್ತು? ಬಹುಶಃ ತಾನು ಎಷ್ಟೋ ಸಲ ಈ ನೆಲ ಗುಡಿಸುವಾಗ ಕಂಡ ಬೆಳಕು. ಅದನ್ನು ಹಿಂದಕ್ಕೆ ಒಯ್ದು ಆ ದಿನದ ಮೇಲೆ ಇಟ್ಟಿದ್ದಳು. ಕೆಂಪಯ್ಯ ಹೋದ ಮೇಲೆ ಅವಳು ಮೊದಲು ಕಿಂಡಿಯ ಅಂಚನ್ನು ಮುಟ್ಟಿ ನೋಡಿದಳು. ಉಳಿಯ ಗುರುತು ಇನ್ನೂ ಬಿಳಿಯಾಗಿತ್ತು. ಗೋಡೆಯ ಉಳಿದ ಕಲ್ಲುಗಳು ಹೊಗೆಗೆ ಕಪ್ಪಾಗಿದ್ದವು. ಇಷ್ಟು ವರ್ಷ ಕಣ್ಣೆದುರೇ ಇದ್ದ ಸಾಕ್ಷಿ. ಹಾಗಾದರೆ ತನ್ನ ಹೂ ಮುಚ್ಚಿದ ಗುಡಿಯಲ್ಲಿ, ಗಾಳಿಯಿಲ್ಲದೆ, ಕತ್ತಲಲ್ಲಿ ಬಿದ್ದಿತ್ತು. ಯಾರೂ ಏನೂ ಮಾಡಿರಲಿಲ್ಲ. ಅದಕ್ಕೆ ಕಾರಣವೇ ಇರಲಿಲ್ಲ, ಅಥವಾ ಇದ್ದ ಕಾರಣ ಅವಳು ನಂಬದಂಥದು. ಇಬ್ಬರಲ್ಲಿ ಒಬ್ಬರ ಹೂವಿಗೆ ಮಾತ್ರ ಮನುಷ್ಯರ ಕೈ ತಾಗಿತ್ತು. ಅವಳು ಗೋಣಿಯನ್ನು ಇನ್ನಷ್ಟು ಒಳಕ್ಕೆ ಒತ್ತಿದಳು, ಹೊರಗಿನಿಂದ ಯಾರೋ ನೋಡುತ್ತಿದ್ದಾರೇನೋ ಎಂಬಂತೆ.

ಮನೆಗೆ ಬರುವ ದಾರಿಯಲ್ಲಿ ಹೇಳಬೇಕಾದ ವಾಕ್ಯವನ್ನು ಸಿದ್ಧಮಾಡಿಕೊಂಡಳು. ಕಿಂಡಿಯ ಗೋಣಿ ತೆಗೆದದ್ದು ನಾನು, ಅದರಿಂದಲೇ ಹೂ ಎಡಕ್ಕೆ ಬಿತ್ತು, ಟಿಕೆಟ್ಟು ರದ್ದು ಮಾಡಬೇಡಿ. ಮೂರು ತುಂಡು, ಒಂದಕ್ಕೊಂದು ಸರಿಯಾಗಿ ಕೂರುತ್ತಿದ್ದವು. ಇಷ್ಟು ಹೇಳಿದರೆ ಅತ್ತೆ ಇವತ್ತೇ ಇನ್ನೊಮ್ಮೆ ಹೂ ಕೇಳಿಸುತ್ತಾರೆ, ಬಲಕ್ಕೆ ಬೀಳುತ್ತದೆ, ಗಿರಿಜ ನಾಳಿದ್ದು ಆ ಕೆಂಪು ಕಾರ್ಬನ್ನಿನ ಪುಸ್ತಕ ಹಿಡಿದು ಮೆಟ್ಟಿಲು ಹತ್ತುತ್ತಾಳೆ. ಮೆಟ್ಟಿಲು ಹತ್ತುವ ಗಿರಿಜೆಯ ಹಿಮ್ಮಡಿ ಅವಳಿಗೆ ಕಂಡಿತು. ಬಿರುಕುಬಿಟ್ಟ, ಅರಿಶಿನ ಹತ್ತಿದ ಹಿಮ್ಮಡಿ. ಕಿಟಕಿಯ ಪಕ್ಕ ಕೂತು ಕೆಳಗಿನ ತೋಟಗಳನ್ನು ನೋಡಿ, ತೆಂಗಿನ ತಲೆಗಳು ಕೊರೆದ ಕೊಬ್ಬರಿಯ ದಳದಂತೆ ಕಾಣುತ್ತವೆ ಎಂದು ಅವಳಿಗೆ ಹೊಳೆಯುತ್ತದೆ. ಹೊಳೆಯುವುದು ಅವಳಿಗೇ. ಊರಿಗೆ ಬಂದು ಹೊಸ ಗೀಟುಗಳನ್ನು ತಾನೇ ಹಾಕಿಕೊಳ್ಳುತ್ತಾಳೆ, ಕೈವಾರ ಬೇಕಾಗುವುದಿಲ್ಲ. ಸರ್ವಮಂಗಳೆ ಹೊಸ್ತಿಲು ದಾಟುವಾಗ ವಾಕ್ಯದ ಮೂರನೆಯ ತುಂಡು ಕಳಚಿಹೋಗಿತ್ತು.

"ಹನ್ನೆರಡೂಮುಕ್ಕಾಲು ಅತ್ತಿಗೆ," ಎಂದು ಹಾಲಸ್ವಾಮಿ ಎದ್ದು ನಿಂತ. "ಪದ ಸಿಕ್ತಾ?"

"ಸಿಕ್ತು."

ಅವಳು ನಿಂತುಕೊಂಡೇ ಬರೆದಳು. ಅನಿವಾರ್ಯ ಕಾರಣಗಳಿಂದ. ಇಂಗ್ಲಿಷಿನಲ್ಲಿ ಎಷ್ಟು ನಯವಾಗಿತ್ತು ಆ ಮಾತು! ಹಾಲಸ್ವಾಮಿ ಅವಳು ಬೆರಳಿಟ್ಟ ಜಾಗದಲ್ಲಿ ರುಜು ಮಾಡಿದ. ಗಿರಿಜ ನೀರಿನ ಲೋಟ ತಂದು ಅವನ ಕೈಗೆ ಕೊಟ್ಟು, ಅರ್ಜಿಯ ಕಡೆ ಬಗ್ಗಿ ನೋಡಿದಳು.

"ಕಾರಣ ಏನಂತ ಬರೆದ್ರಿ ಅಕ್ಕ?"

"ಅನಿವಾರ್ಯ ಕಾರಣ ಅಂತ."

"ಹಂಗಂದ್ರೆ?"

"ಹಂಗಂದ್ರೆ, ತಪ್ಪಿಸೋಕೆ ಆಗದೆ ಇದ್ದದ್ದು."

"ಓ," ಎಂದಳು ಗಿರಿಜ. ಆಮೇಲೆ, "ತಪ್ಪಿಸೋಕೆ ಆಗ್ತಿರಲಿಲ್ವಾ?" ಎಂದು ಕೇಳಿದಳು. ಅದು ಪದದ ಅರ್ಥ ಕೇಳಿದ್ದೋ ಬೇರೇನೋ, ಮುಖ ನೋಡಿದರೆ ತಿಳಿಯುವಂತಿರಲಿಲ್ಲ. ಸರ್ವಮಂಗಳೆ ಪೆನ್ನಿನ ಟೋಪಿ ಹುಡುಕಿದಳು. ಹಾಲಸ್ವಾಮಿ ಅರ್ಜಿಯನ್ನು ಮಡಿಸಿ ಟಿಕೆಟ್ಟಿನೊಂದಿಗೆ ಜೇಬಿಗಿಟ್ಟುಕೊಂಡು, "ಬತ್ತೀನಿ ಅವ್ವಾ," ಎಂದು ಕೂಗಿ ಬೀದಿಗಿಳಿದ. ಅವನ ಹೊಸ ಷರಟಿನ ಬೆನ್ನಿನಲ್ಲಿ ಕಂಬದ ಧೂಳು ಹತ್ತಿತ್ತು. ಕರೆದು ಹೇಳಬಹುದಿತ್ತು. ಸ್ವಲ್ಪ ಹೊತ್ತಿಗೆ ಹೆಬ್ಬಾಗಿಲ ಆಚೆ ಬಸ್ಸು ಹಾರನ್ ಹೊಡೆಯಿತು, ಗೇರು ಬದಲಾಯಿತು, ಸದ್ದು ಏರಿನಲ್ಲಿ ಸಣ್ಣದಾಗುತ್ತ ಹೋಯಿತು. ಸರ್ವಮಂಗಳೆ ಅದು ಪೂರ್ತಿ ಕೇಳಿಸದಾಗುವವರೆಗೂ ಮೇಜಿನ ಬಳಿ ನಿಂತಿದ್ದಳು. ಟಿಕೆಟ್ಟನ್ನು ಹಿಡಿದಿದ್ದ ಬೆರಳು ಕೆಂಪಾಗಿತ್ತು.

ಊಟಕ್ಕೆ ಅಡುಗೆಮನೆಯಲ್ಲಿ ಇಬ್ಬರೇ. ಅತ್ತೆಯ ಊಟ ಮುಗಿದಿತ್ತು, ನಡುಮನೆಯಲ್ಲಿ ಅಡಿಕೆ ಕುಟ್ಟುವ ಸದ್ದು. ಗಿರಿಜ ಮುದ್ದೆ ಇಟ್ಟು ಸಾರು ಬಿಟ್ಟಳು, ಪಕ್ಕದಲ್ಲಿ ಹುರುಳಿಕಾಯಿ ಪಲ್ಯ. ಪಲ್ಯದ ಮೇಲೆ ಬೆಳ್ಳಗೆ ಕೊಬ್ಬರಿ. ತುರಿದಿರಲಿಲ್ಲ, ಕೈಯಲ್ಲಿ ಮುರಿದು ಹಾಕಿದ್ದಳು. ಒಂದು ಚೂರಿನ ಅಂಚು ನೂಲಿನಷ್ಟು ತೆಳ್ಳಗಿತ್ತು, ಅದರಲ್ಲಿ ಒಂದರ ಪಕ್ಕ ಒಂದು ಬಾಗಿದ ಗೀರುಗಳು. ನವಿಲಿನ ಗರಿ.

"ಯಾಕೆ ಗಿರಿಜ, ಇದನ್ನ?"

"ಆಷಾಢದ ಥಂಡಿಗೆ ಮುಗ್ಗಲು ಹಿಡೀತದಲ್ಲ ಅಕ್ಕ. ಇಟ್ಕೊಂಡು ಏನು ಮಾಡ್ಲಿ?" ಗಿರಿಜ ತನ್ನ ತಟ್ಟೆಗೂ ಬಡಿಸಿಕೊಂಡು ಎದುರಿಗೆ ಕೂತಳು. ತುತ್ತು ಮುರಿಯುತ್ತ, ತನ್ನಷ್ಟಕ್ಕೆ ಹೇಳಿಕೊಳ್ಳುವಂತೆ ಹೇಳಿದಳು. "ಶುಕ್ರವಾರ ಗುಡೀಲಿ ಆ ಹೊಗೆಗೆ ನಂಗೆ ಉಸಿರು ಕಟ್ಟಿತ್ತು. ಆಮೇಲೆ ಬಲಗೆನ್ನೆಗೆ ತಣ್ಣಗೆ ಗಾಳಿ ತಾಗ್ತು. ಅಕ್ಕ ನಂಗೋಸ್ಕರ ಗೋಣಿ ತೆಗೆದ್ರು ಅಂದ್ಕೊಂಡೆ."

ಸರ್ವಮಂಗಳೆ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು. ಹೌದು ಎಂದರೆ ಸಾಕಾಗಿತ್ತು. ಹೌದು ಎನ್ನುವುದು ಸುಳ್ಳೂ ಆಗುತ್ತಿರಲಿಲ್ಲ.

"ನಿನಗೋಸ್ಕರ ಅಲ್ಲ," ಎಂದಳು. "ಗಾಳಿ ಬಿದ್ದರೆ ಆ ಕಡೆಯ ಹೂ ಮೊದಲು ಬೀಳುತ್ತೆ ಅಂತ ಗೊತ್ತಿತ್ತು ನನಗೆ. ಗೊತ್ತಿದ್ದೇ ತೆಗೆದೆ."

ಗಿರಿಜ ಮುದ್ದೆಯನ್ನು ಸಾರಿನಲ್ಲಿ ಹೊರಳಿಸಿದಳು. ನುಂಗಿದಳು. ಆಮೇಲೆ, "ಬಸ್ಸು ಹೋದ ಮೇಲೆ ಹೇಳಿದ್ರಿ," ಎಂದಳು.

"ಪೋಸ್ಟಾಫೀಸಿನಿಂದ ಟ್ರಂಕಾಲ್ ಮಾಡಬಹುದು. ನಾಳೆ ಬೆಳಿಗ್ಗೆವರೆಗೆ ಹೊತ್ತಿದೆ. ರದ್ದು ಮಾಡಬೇಡಿ ಅಂತ ಆಫೀಸಿನವರಿಗೇ ಹೇಳಿದ್ರೆ..."

"ಅತ್ತೆಗೆ ಏನಂತ ಹೇಳ್ತೀರಿ? ಅವರು ಹೂಂ ಅನ್ನದೆ ನಾನು ಹೊಸ್ತಿಲು ದಾಟಕ್ಕಾಗಲ್ಲ." ಗಿರಿಜೆಯ ದನಿ ಏರಲಿಲ್ಲ. "ಈಗ ನಂಗೆ ಹೇಳಿದ್ರಲ್ಲ, ಹಿಂಗೇ ಹೇಳ್ತೀರಾ?"

ನಡುಮನೆಯಲ್ಲಿ ಅಡಿಕೆ ಕುಟ್ಟುವುದು ನಿಂತಿತು. "ಏನ್ರೇ ಅದು ಗುಸುಗುಸು? ಏನಾಯ್ತೇ ಸರ್ವಮಂಗಳ?" ಎಂದು ದ್ರಾಕ್ಷಾಯಣಮ್ಮನ ದನಿ ಕೇಳಿತು.

ಗಿರಿಜ ಕೈ ತಟ್ಟೆಯ ಮೇಲೆ ಹಾಗೇ ಇಟ್ಟುಕೊಂಡು ಸರ್ವಮಂಗಳೆಯ ಬಾಯಿಯನ್ನೇ ನೋಡುತ್ತಿದ್ದಳು, ಶುಕ್ರವಾರ ಬಿದ್ದ ಹೂವನ್ನು ನೋಡಿದ ಹಾಗೆ. ಸರ್ವಮಂಗಳೆ ಬಾಯಿ ತೆರೆದಳು. ವಾಕ್ಯ ನಾಲಗೆಯ ಮೇಲೆಯೇ ಇತ್ತು, ಮೂರೂ ತುಂಡು. ಈ ಮನೆಯಲ್ಲಿ ಹನ್ನೆರಡು ವರ್ಷ ತನ್ನ ಮಾತಿಗೆ ಇದ್ದ ತೂಕವನ್ನು ಅವಳು ಯೋಚಿಸಿದಳು. ಆಮೇಲೆ ಮೆಟ್ಟಿಲು ಹತ್ತುವ ಆ ಹಿಮ್ಮಡಿಯನ್ನು. ಎಷ್ಟು ಹೊತ್ತು ಕಳೆಯಿತೋ, ಈ ಸಲ ಅವಳು ಗಡಿಯಾರ ನೋಡಲಿಲ್ಲ.

"ಏನಿಲ್ಲ ಅತ್ತೆ," ಎಂದಳು ಗಿರಿಜ, ಅವಳ ಮೇಲಿನ ಕಣ್ಣು ತೆಗೆಯದೆ. "ಪಲ್ಯಕ್ಕೆ ಉಪ್ಪು ಕಮ್ಮಿಯಂತೆ ಅಕ್ಕನಿಗೆ."

"ಹಾಕ್ಕೊಳಕ್ಕೆ ಕೈ ಇಲ್ವಾ ಅವಳಿಗೆ?" ಎಂದರು ಅತ್ತೆ. ಅಡಿಕೆ ಕುಟ್ಟುವ ಸದ್ದು ಮತ್ತೆ ಶುರುವಾಯಿತು.

ಗಿರಿಜ ಉಪ್ಪಿನ ಮರಿಗೆಯನ್ನು ಅವಳ ಮುಂದಕ್ಕೆ ಸರಿಸಿದಳು. ಸರ್ವಮಂಗಳೆ ಎರಡು ಹರಳು ತೆಗೆದುಕೊಂಡು ಪಲ್ಯದ ಮೇಲೆ ಉದುರಿಸಿ, ಗರಿಯ ಚೂರನ್ನು ಬಾಯಿಗಿಟ್ಟುಕೊಂಡು ಅಗಿದಳು. ಉಪ್ಪು ಮೊದಲೇ ಸರಿಯಾಗಿತ್ತು.